ಎಡಗಣ್ಣಿನ ಕರಿಗಾಜು

“ತೆಗೀಬೇಡಿ ಸೇಸಮ್ಮಕ್ಕ. ಆ ಕನ್ನಡಕ ಅಲ್ಲೇ ಇರಲಿ.”

ಅಂಗಳಕ್ಕೆ ಕಾಲಿಡುತ್ತಲೇ ರುಕಿಯಾ ಹೇಳಿದಳು. ಪ್ರಯೋಜನವಾಗಲಿಲ್ಲ. ಜಗಲಿಯಲ್ಲಿ ಬೀಡಿ ಎಲೆಯ ಮೊರವನ್ನು, ಆ ಕಡೆಯ ತಡ್ಪೆಯನ್ನು, ಮಡಿಲಲ್ಲಿಟ್ಟುಕೊಂಡು ಕೂತಿದ್ದ ಸೇಸಮ್ಮ, ಅವಳ ಮೈಮೇಲಿನ ವಕೀಲರ ಕರಿಕೋಟು ಕಂಡದ್ದೇ ತಡ, ಮುಖದ ಮೇಲಿದ್ದ ಕನ್ನಡಕವನ್ನು ತೆಗೆದು ಸೆರಗಿನಡಿಗೆ ತುರುಕಿಬಿಟ್ಟಿದ್ದರು.

“ಯಾಕೆ ತೆಗೆದದ್ದು?”

“ದೊಡ್ಡವರು ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿ ಕೂತುಕೊಳ್ಳುವುದಾ ಅಕ್ಕ? ನೋಡಿದವರು ಎಂತ ಹೇಳ್ತಾರೆ?” ಸೇಸಮ್ಮ ಇದನ್ನು ಮೊದಲು ತುಳುವಿನಲ್ಲಿ ಹೇಳಿ, ಕರಿಕೋಟಿನ ಮರ್ಯಾದೆಗೆಂದು ಇನ್ನೊಮ್ಮೆ ಕನ್ನಡದಲ್ಲಿಯೂ ಹೇಳಿದರು.

“ಮೊನ್ನೆ ಎಸ್ಸೈಯವರು ಹೇಳಿಕೆ ಬರ್ಕೊಳ್ಳಿಕ್ಕೆ ಬಂದಾಗ?”

“ಆಗಲೂ ತೆಗೆದಿಟ್ಟಿದ್ದೆ. ಪೊಲೀಸರ ಎದುರು ಸ್ಟೈಲು ಮಾಡ್ಲಿಕ್ಕೆ ಆಗ್ತದಾ?”

“ಅದಕ್ಕಿಂತ ಮೊದಲು? ಅಣ್ಣು ಶೆಟ್ರು ಬೀಳುವಾಗ?”

“ಆಗ ನನ್ನಷ್ಟಕ್ಕೆ ನಾನು ಬೀಡಿ ಕಟ್ತಾ ಇದ್ದೆನಲ್ಲ. ಹಾಕಿಯೇ ಇದ್ದೆ.”

ನಿನ್ನೆಯಿಂದ ಗೋಡೆಗೆ ತಲೆ ಚಚ್ಚಿಕೊಂಡ ಹಾಗಾಗಿದ್ದ ರುಕಿಯಾಳಿಗೆ ಗೋಡೆಯಲ್ಲಿ ಒಂದು ಬಿರುಕು ಕಂಡಿತ್ತು.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯ ಈ ಏರಿನಲ್ಲಿ, ಸೇಸಮ್ಮನ ಮನೆಯ ಎದುರುಗಡೆ, ಬಸ್ಸಿಗೆ ಕಾಯುತ್ತಿದ್ದ ಅಣ್ಣು ಶೆಟ್ಟರು ಮೊನ್ನೆ ಆಚೆ ಬದಿಯ ನೀರಿನ ತೋಡಿಗೆ ಬಿದ್ದು ತಲೆ ಒಡೆದುಕೊಂಡಿದ್ದರು. ಮಂಗಳೂರಿನ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವರ ತಂಗಿಯ ಮಗ, ಬಾಡಿಗೆಗೆ ಜನ ಸಾಗಿಸುವ ಸರ್ವೀಸ್ ಜೀಪು ಓಡಿಸುವ ಉಜ್ವಲ್, ಬೇಕೆಂದೇ ಜೀಪನ್ನು ಮಾವನ ಮೈಮೇಲೆ ಹಾಯಿಸಿದನೆಂದು ಪೊಲೀಸರು ನಿನ್ನೆ ಅವನನ್ನು ಹಿಡಿದು ಒಳಗೆ ಹಾಕಿದ್ದರು. ಆಸ್ತಿ ಸೋದರಳಿಯನಿಗೆ ಇಳಿಯುವ ಅಳಿಯಕಟ್ಟಿನ ಮನೆ, ಮಾವನ ಕೈಯಲ್ಲಿರುವ ಜಾಗ ಮುಂದೆ ಅಳಿಯನಿಗೋ ಮಗಳಿಗೋ ಎಂಬ ತಕರಾರು ಊರಿಗೆಲ್ಲ ಗೊತ್ತು. ಸಿದ್ದಕಟ್ಟೆಯ ಹೋಟೆಲಿನ ಎದುರು ಉಜ್ವಲ್ ಮಾವನಿಗೆ “ನಿಮ್ಮನ್ನು ನೋಡಿಕೊಳ್ತೇನೆ” ಎಂದದ್ದನ್ನೂ ಜನ ಕೇಳಿದ್ದರು.

ಆದರೆ ಜೀಪು ಹಾಯಿಸಿದ್ದನ್ನು ಕಣ್ಣಾರೆ ಕಂಡವರು ಸೇಸಮ್ಮ ಒಬ್ಬರೇ. ರುಕಿಯಾ ಉಜ್ವಲನ ಪರ ವಕೀಲೆ. ಸಂಜೆಯೊಳಗೆ ಹುಡುಗನನ್ನು ಬಿ.ಸಿ.ರೋಡಿನ ಕೋರ್ಟಿಗೆ ಹಾಜರುಪಡಿಸಬೇಕು. ಅಲ್ಲಿಂದ ಸೀದಾ ಜೈಲು. ಆಸ್ಪತ್ರೆಯಿಂದ ಕೆಟ್ಟ ಸುದ್ದಿ ಬಂದರೆ ಕೇಸು ಕೊಲೆಯದ್ದೇ ಆಗುತ್ತದೆ.

ಪೊಲೀಸ್ ಜೀಪು ಆಚೆ ಹಲಸಿನ ಮರದಡಿ ನಿಂತಿತ್ತು. ಸ್ಥಳದ ಮಹಜರಿಗೆಂದು ಎಸ್ಸೈ ಹುಕ್ರಪ್ಪ ಗೌಡರು ಉಜ್ವಲನನ್ನು ಕೈಕೋಳ ಹಾಕಿಯೇ ಕರೆತಂದಿದ್ದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಸ್ವಲ್ಪ ದೂರದಲ್ಲಿ ಅವನ ತಾಯಿ ಕಾಂತಿ. ಅತ್ತ ಒಡಹುಟ್ಟಿದ ಅಣ್ಣ, ಇತ್ತ ಹೆತ್ತ ಮಗ, ಯಾರಿಗೆಂದು ಅಳುವುದು? ಆಕೆ ಅಳುವುದನ್ನೇ ಬಿಟ್ಟಿದ್ದರು.

“ಆ ಕನ್ನಡಕ ಒಮ್ಮೆ ಕೊಡಿ ಸೇಸಮ್ಮಕ್ಕ.”

ಸೆರಗಿನಡಿಯಿಂದ ಹೊರಗೆ ಬಂದದ್ದು ಕಣ್ಣಿನ ಶಿಬಿರದವರು ಕೊಡುವ ದಪ್ಪ ಚೌಕಟ್ಟಿನ ಕಪ್ಪು ಕನ್ನಡಕ. ಎಡಗಡೆ ಗಾಜು ಇತ್ತು. ಬಲಗಡೆ ಬರೀ ಚೌಕಟ್ಟು. ರುಕಿಯಾ ಆ ಖಾಲಿ ಚೌಕಟ್ಟಿನೊಳಗೆ ಬೆರಳು ತೂರಿಸಿದಳು.

“ಇದರ ಗಾಜು ಎಲ್ಲಿ?”

“ನಾನೇ ಕಿತ್ತು ತೆಗೆದೆ.” ಸೇಸಮ್ಮ ಕಳ್ಳತನ ಸಿಕ್ಕಿಬಿದ್ದವರ ಹಾಗೆ ಮೆಲ್ಲನೆ ಹೇಳಿದರು. “ಬೆಳ್ತಂಗಡಿಯ ಶಿಬಿರದಲ್ಲಿ ಆಪರೇಶನ್ ಆದದ್ದು ಎಡಗಣ್ಣಿಗೆ ಮಾತ್ರ. ಬಲಗಣ್ಣು ಎಂತ ತಪ್ಪು ಮಾಡಿತು? ಎರಡೂ ಕಪ್ಪು ಮಾಡಿದ್ರೆ ಎಲೆಯ ನರ ಕಾಣುದಿಲ್ಲ ಅಕ್ಕ. ನರ ನೋಡದೆ ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿನವರು ತೆಗೆದು ಬಿಸಾಡ್ತಾರೆ. ಡಾಕ್ಟ್ರಿಗೆ ಹೇಳ್ಬೇಡಿ.”

“ಹೇಳುದಿಲ್ಲ. ಎಡಗಣ್ಣು ಕಾಣ್ತದಾ ಈಗ?”

“ಬಲಗಣ್ಣು ಮುಚ್ಚಿ ಆಚೆಯ ಮೈಲುಗಲ್ಲು ಓದಿ ಹೇಳ್ಲಾ?” ಸೇಸಮ್ಮನ ದನಿಯಲ್ಲಿ ಹೆಮ್ಮೆ ಬಂತು. ಮರುಗಳಿಗೆ ಅದು ಇಳಿದೂ ಹೋಯಿತು. “ಆ ಶಿಬಿರಕ್ಕೆ ನನ್ನನ್ನು ಜೀಪಿನಲ್ಲಿ ಕರ್ಕೊಂಡು ಹೋದದ್ದು ಉಜ್ವಲನೇ. ಕೈ ಹಿಡಿದು ಇಳಿಸಿದ್ದಾನೆ. ಅವ ಕೊಡಿಸಿದ ಕಣ್ಣಿನಲ್ಲಿ ಅವನ ಮೇಲೆಯೇ ಸಾಕ್ಷಿ ಹೇಳಿದೆ ನಾನು. ನಿನ್ನೆಯಿಂದ ಗಂಜಿ ಗಂಟಲಲ್ಲಿ ಇಳಿಯುದಿಲ್ಲ. ಆದ್ರೆ ಕಂಡದ್ದನ್ನು ಕಾಣ್ಲಿಲ್ಲ ಅಂತ ಹೇಗೆ ಹೇಳುದು?”

“ನೀವು ಕಂಡದ್ದನ್ನೇ ಹೇಳಿದ್ದೀರಿ. ಅದರಲ್ಲಿ ನನಗೆ ಒಂದು ಚೂರೂ ಸಂಶಯ ಇಲ್ಲ,” ಎಂದಳು ರುಕಿಯಾ. ನಿನ್ನೆಯವರೆಗೆ ಸಂಶಯ ಪಟ್ಟದ್ದಕ್ಕೆ ಅವಳಿಗೆ ಸ್ವಲ್ಪ ನಾಚಿಕೆಯೂ ಆಯಿತು.

ಅವಳಿಗೆ ನೆನಪಾದದ್ದು ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನ ಪಕ್ಕದ ತಾನು ಬಾಪ ಎಂದು ಕರೆಯುವ ತಂದೆ ಉಮ್ಮರ್ ಬ್ಯಾರಿಯ ಕನ್ನಡಕದ ಅಂಗಡಿ. ಅಲ್ಲಿ ಲೋಲಕದ ಒಂದು ಹಳೇ ಗಡಿಯಾರವಿತ್ತು. ಒಂದು ದಿನ ಯಾರೋ ಗಿರಾಕಿ ಒಂದು ಬದಿ ಒಡೆದ ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಒಳಗೆ ಬಂದವನು, ಗಡಿಯಾರ ನೋಡಿ ಹೌಹಾರಿದ್ದ. ‘ಬ್ಯಾರಿಗಳೇ, ನಿಮ್ಮ ಗಡಿಯಾರದ ಲೋಲಕ ರುಬ್ಬುವ ಕಲ್ಲಿನ ಹಾಗೆ ಸುತ್ತು ಹೊಡೀತಾ ಉಂಟಲ್ಲ?’ ಬಾಪ ಹೊಟ್ಟೆ ಹಿಡಿದುಕೊಂಡು ನಕ್ಕು, ಶಾಲೆಯಿಂದ ಬಂದು ಅಲ್ಲೇ ಕೂತಿದ್ದ ರುಕಿಯಾಳಿಗೆ ಆ ಕನ್ನಡಕವನ್ನು ಹಾಕಿಸಿ ತೋರಿಸಿದ್ದರು. ಅವಳು ಆ ಸಂಜೆಯೆಲ್ಲ ಗಡಿಯಾರ ನೋಡುತ್ತ ಕೂತಿದ್ದಳು.

“ಎಸ್ಸೈಯವರೇ, ಒಮ್ಮೆ ಮೇಲೆ ಬನ್ನಿ,” ಎಂದು ಕರೆದಳು.

ಹುಕ್ರಪ್ಪ ಗೌಡರು ಸುಳ್ಯದ ಕಡೆಯವರು. ಒಳ್ಳೆಯ ಮನುಷ್ಯ; ಆದರೆ ಒಮ್ಮೆ ಹಿಡಿದ ಹಗ್ಗ ಬಿಡುವವರಲ್ಲ. ಟೊಪ್ಪಿ ಕಂಕುಳಲ್ಲಿಟ್ಟುಕೊಂಡು, ಮೆಟ್ಟಿಲು ಮೆಟ್ಟಿಲಿಗೂ ನಿಟ್ಟುಸಿರು ಬಿಡುತ್ತ ಮೇಲೆ ಬಂದರು.

“ಮೇಡಂ, ನೀವು ಹೇಳಿದಿರಿ ಅಂತ ಇನ್ನೊಮ್ಮೆ ಮಹಜರಿಗೆ ಬಂದೆ. ಹೊಸತು ಎಂತ ಉಂಟು ಇಲ್ಲಿ? ಈ ಅಮ್ಮನಿಗೆ ಹುಡುಗನ ಮೇಲೆ ದ್ವೇಷ ಇಲ್ಲ. ಸುಳ್ಳು ಹೇಳ್ಲಿಕ್ಕೆ ಕಾರಣ ಬೇಕಲ್ಲ?”

“ಸುಳ್ಳು ಅಂತ ಯಾರು ಹೇಳಿದ್ರು? ಕೂತ್ಕೊಳ್ಳಿ ಸರ್. ಒಂದು ಕೆಲಸ ಮಾಡಿ, ಬೆರಳೊಂದನ್ನು ಮೂಗಿನ ಎದುರು ಹಿಡಿಯಿರಿ. ಒಂದು ಕಣ್ಣು ಮುಚ್ಚಿ ನೋಡಿ. ಮತ್ತೆ ಇನ್ನೊಂದು ಮುಚ್ಚಿ ನೋಡಿ.”

“ಇದೆಂತ ಅಂಗನವಾಡಿಯಾ?” ಎಂದರೂ ಹುಕ್ರಪ್ಪನವರು ಬೆರಳು ಹಿಡಿದರು. ಒಂದು ಕಣ್ಣು ಮುಚ್ಚಿದರು, ಇನ್ನೊಂದು ಮುಚ್ಚಿದರು. “ಬೆರಳು ಅತ್ತಿತ್ತ ಹಾರ್ತದೆ.”

“ಹೌದಲ್ಲ? ಎರಡು ಕಣ್ಣು ಎರಡು ಜಾಗದಲ್ಲಿ ಕೂತ ಎರಡು ಸಾಕ್ಷಿಗಳ ಹಾಗೆ. ಒಬ್ಬನಿಗೆ ಕಂಡ ಹಾಗೆ ಇನ್ನೊಬ್ಬನಿಗೆ ಕಾಣುದಿಲ್ಲ. ಇಬ್ಬರ ಹೇಳಿಕೆಯಲ್ಲಿ ಎಷ್ಟು ವ್ಯತ್ಯಾಸ ಉಂಟು ಅಂತ ಅಳೆದು, ತಲೆ ತೀರ್ಪು ಕೊಡ್ತದೆ: ಇದು ಹತ್ತಿರ, ಅದು ದೂರ. ಒಂದು ಕಣ್ಣು ಮುಚ್ಚಿ ಸೂಜಿಗೆ ನೂಲು ಹಾಕಿ ನೋಡಿ, ಗೊತ್ತಾಗ್ತದೆ.”

“ಆಯಿತು. ಈ ಅಮ್ಮನಿಗೆ ಎರಡೂ ಕಣ್ಣು ಉಂಟಲ್ಲ?”

“ಉಂಟು. ಆದ್ರೆ ಒಂದು ಸಾಕ್ಷಿ ತಡವಾಗಿ ಹೇಳಿಕೆ ಕೊಡ್ತದೆ.”

ರುಕಿಯಾ ತಡ್ಪೆಯಲ್ಲಿದ್ದ ಎಲೆ ಕತ್ತರಿಸುವ ಕತ್ತರಿಯನ್ನು ಎತ್ತಿ, ಬೀಡಿಯ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಮಾಡಿನ ಪಕ್ಕಾಸಿನ ಮರದಲ್ಲಿದ್ದ ಮೊಳೆಯೊಂದಕ್ಕೆ ನೇತುಹಾಕಿದಳು. ಎಡಕ್ಕೆಳೆದು ಬಿಟ್ಟಳು. ಕತ್ತರಿ ಗೋಡೆಗೆ ಸಮಾನಾಂತರವಾಗಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತೂಗಿತು.

“ಹೇಗೆ ಹೋಗ್ತಾ ಉಂಟು?”

“ಅತ್ತಿತ್ತ. ಇನ್ನೆಂತ?”

“ಈಗ ಇದನ್ನು ಹಾಕಿ ನೋಡಿ.”

ಸೇಸಮ್ಮನ ಒಂಟಿಗಾಜಿನ ಕನ್ನಡಕ ಎಸ್ಸೈಯವರ ಮೂಗಿನ ಮೇಲೆ ಕೂತದ್ದನ್ನು ನೋಡಿ ರಸ್ತೆಯಲ್ಲಿದ್ದ ಕಾನ್‌ಸ್ಟೇಬಲ್ ಮುಖ ತಿರುಗಿಸಿಕೊಂಡ. ಹುಕ್ರಪ್ಪನವರು ಮೊದಲು ಗಂಭೀರವಾಗಿ ನೋಡಿದರು. ಆಮೇಲೆ ತಲೆ ಮುಂದೆ ಚಾಚಿದರು. ಆಮೇಲೆ ಕೂತಿದ್ದ ಕುರ್ಚಿಯನ್ನೇ ಹಿಂದಕ್ಕೆ ಸರಿಸಿದರು.

“ಇದು ಸುತ್ತು ಹೊಡೀತದೆ ಮಾರಾಯ್ರೆ. ಬಲಕ್ಕೆ ಹೋಗುವಾಗ ಗೋಡೆಗೆ ತಾಗುವ ಹಾಗೆ ಹೋಗ್ತದೆ. ಎಡಕ್ಕೆ ಬರುವಾಗ ನನ್ನ ಮೂಗಿಗೇ ಬರ್ತದೆ. ನೀವು ನೂಲು ತಿರುಗಿಸಿದ್ರಾ?”

“ನೂಲು ಮೊಳೆಯಲ್ಲಿ ಉಂಟು. ನನ್ನ ಕೈ ಇಲ್ಲಿ ಉಂಟು.” ರುಕಿಯಾ ಎರಡೂ ಅಂಗೈ ತೋರಿಸಿದಳು.

ಹುಕ್ರಪ್ಪನವರು ಕನ್ನಡಕ ಎತ್ತಿದರು. ಕತ್ತರಿ ಅತ್ತಿತ್ತ ತೂಗುತ್ತಿತ್ತು. ಇಳಿಸಿದರು, ಸುತ್ತು ಹೊಡೆಯಿತು. ಮತ್ತೆ ಎತ್ತಿದರು. ಪೊಲೀಸ್ ಕೆಲಸದಲ್ಲಿ ತಲೆ ನರೆಸಿಕೊಂಡ ಮನುಷ್ಯ, ಮೊದಲ ಬಾರಿಗೆ ಕನ್ನಡಿ ಕಂಡ ಮಗುವಿನ ಹಾಗೆ ಅದನ್ನೇ ಮಾಡುತ್ತ ಕೂತರು.

“ಕತ್ತಲಲ್ಲಿದ್ದ ಕಣ್ಣು ಸುದ್ದಿಯನ್ನು ಸ್ವಲ್ಪ ತಡವಾಗಿ ಮುಟ್ಟಿಸ್ತದೆ ಸರ್,” ಎಂದಳು ರುಕಿಯಾ. “ರೆಪ್ಪೆ ಬಡಿಯುವುದಕ್ಕಿಂತಲೂ ಕಡಿಮೆ ಹೊತ್ತು. ನಿಂತ ವಸ್ತುವಾದ್ರೆ ಅದರಿಂದ ಎಂತ ತೊಂದರೆಯೂ ಇಲ್ಲ. ಓಡುವ ವಸ್ತುವಾದ್ರೆ, ಬಲಗಣ್ಣು ಅದು ಈಗ ಇರುವಲ್ಲಿ ತೋರಿಸ್ತದೆ, ಎಡಗಣ್ಣು ಆಗ ಇದ್ದಲ್ಲಿ ತೋರಿಸ್ತದೆ. ತಲೆಗೆ ಈ ತಡ ಗೊತ್ತಿಲ್ಲ. ಅದು ಎರಡು ಹೇಳಿಕೆ ಕೂಡಿಸಿ ತಪ್ಪು ತೀರ್ಪು ಕೊಡ್ತದೆ. ಬಲಕ್ಕೆ ಓಡಿದ್ದೆಲ್ಲ ದೂರ ಸರಿದ ಹಾಗೆ. ಎಡಕ್ಕೆ ಓಡಿದ್ದೆಲ್ಲ ಹತ್ತಿರ ಬಂದ ಹಾಗೆ.”

“ಉಜ್ವಲನ ಜೀಪು ಹೋದದ್ದು—”

“ಬಂಟ್ವಾಳದಿಂದ ಮೂಡುಬಿದಿರೆ ಕಡೆಗೆ. ಈ ಜಗಲಿಯಿಂದ ನೋಡಿದ್ರೆ ಎಡದಿಂದ ಬಲಕ್ಕೆ. ಶೆಟ್ರು ನಿಂತದ್ದು ಆಚೆ ಅಂಚಿನಲ್ಲಿ.”

ಹುಕ್ರಪ್ಪನವರು ಒಮ್ಮೆ ರಸ್ತೆಯ ಆಚೆ ಅಂಚನ್ನು ನೋಡಿದರು. ಆದರೆ ಹಗ್ಗ ಬಿಡಲಿಲ್ಲ.

“ಕತ್ತರಿ ತಿರುಗಿತು ಅಂತ ಜೀಪು ತಿರುಗಿದ ಹಾಗೆ ಕಾಣ್ಬೇಕಂತ ಇಲ್ಲ ಮೇಡಂ. ನಾಳೆ ನನ್ನನ್ನು ಕೇಳುವವರಿಗೆ ನಾನು ಕತ್ತರಿಯ ಕತೆ ಹೇಳ್ಲಿಕ್ಕೆ ಆಗ್ತದಾ? ತನಿಖೆ ಮಾಡಿದ್ದಾ, ಜಾದೂ ನೋಡಿದ್ದಾ ಅಂತ ಕೇಳ್ತಾರೆ.”

“ಹಾಗಾದ್ರೆ ಜೀಪನ್ನೇ ಓಡಿಸಿ ನೋಡುವ.”

ಈ ಮಾತಿಗೆ ಅವರಿಗೆ ಇಲ್ಲವೆನ್ನಲು ಆಗಲಿಲ್ಲ. ರುಕಿಯಾಳ ಕೊಡೆಯನ್ನು ಬಿಡಿಸಿ, ಅಣ್ಣು ಶೆಟ್ಟರು ನಿಂತಿದ್ದ ಜಾಗದಲ್ಲಿ ನೆಲಕ್ಕೆ ನೆಟ್ಟರು. ಡಾಮರಿನ ಅಂಚಿನಿಂದ ಆಚೆಗೆ, ತೋಡಿನಿಂದ ಈಚೆಗೆ. ಪೊಲೀಸ್ ಜೀಪು ಏರಿನ ಬುಡಕ್ಕೆ ಹೋಗಿ ತಿರುಗಿ ನಿಂತಿತು. ಡಾಮರು ಬಿಟ್ಟು ಒಂದು ಗೇಣೂ ಕೆಳಗಿಳಿಯಬಾರದು, ಉಜ್ವಲ್ ಹೋಗುವ ಹಾಗೆ ಸೆಕೆಂಡ್ ಗೇರಿನಲ್ಲಿ ಮೆಲ್ಲನೆ ಏರಬೇಕು ಎಂದು ಡ್ರೈವರನಿಗೆ ಹೇಳಿಯಾಯಿತು. ಕೈಕೋಳದಲ್ಲಿದ್ದ ಉಜ್ವಲ್ ಮೊದಲ ಬಾರಿಗೆ ತಲೆಯೆತ್ತಿ ನೋಡಿದ. ಕಾಂತಿಯವರು ಕೊಡೆಯನ್ನೇ ನೋಡುತ್ತಿದ್ದರು, ಅಲ್ಲಿ ಅಣ್ಣನೇ ನಿಂತಿದ್ದಾನೋ ಎಂಬ ಹಾಗೆ.

ಹುಕ್ರಪ್ಪನವರು ಸೇಸಮ್ಮ ಕೂರುವ ಜಾಗದಲ್ಲೇ ಕೂತು ಕನ್ನಡಕ ಹಾಕಿಕೊಂಡರು.

ಜೀಪು ಎಡಗಡೆಯಿಂದ ಬಂತು. ಸದ್ದು ಮಾಡುತ್ತ, ಮೆಲ್ಲನೆ, ರಸ್ತೆಯ ಮೇಲೆ ನೇರವಾಗಿ.

“ಏಯ್, ಕೊಡೆ, ಕೊಡೆ,” ಎಂದು ಎಸ್ಸೈಯವರು ಎದ್ದೇ ನಿಂತರು. “ಕೊಡೆಯ ಮೇಲೆ ಹೋದ. ಹೇಳಿದ್ರೆ ಕೇಳುದಿಲ್ಲ ಇವ. ಮುರಿದ ನೋಡಿ ನಿಮ್ಮ ಕೊಡೆ.”

ಜೀಪು ದಾಟಿ ಹೋಯಿತು. ಕೊಡೆ ಬಿಡಿಸಿದ ಹಾಗೆಯೇ ನಿಂತಿತ್ತು. ಗಾಳಿಗೆ ಸ್ವಲ್ಪ ಅಲ್ಲಾಡಿದ್ದು ಬಿಟ್ಟರೆ ಒಂದು ಕಡ್ಡಿಯೂ ಬಾಗಿರಲಿಲ್ಲ. ಚಕ್ರದ ಗುರುತು ಡಾಮರಿನಿಂದ ಕೆಳಗೆ ಇಳಿದೇ ಇರಲಿಲ್ಲ.

ಹುಕ್ರಪ್ಪನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಸೇಸಮ್ಮನ ಕಡೆ ತಿರುಗಿ, ಸ್ಟೇಷನ್ನಿನಲ್ಲಿ ಯಾರೂ ಕೇಳಿರದ ಮೆತ್ತಗಿನ ದನಿಯಲ್ಲಿ ಹೇಳಿದರು.

“ಅಮ್ಮಾ, ನೀವು ಕಂಡದ್ದನ್ನು ನಾನೂ ಕಂಡೆ. ಆಣೆ ಮಾಡಿ ಅಂದ್ರೆ ನಾನೂ ಮಾಡ್ತಿದ್ದೆ.”

“ಹಾಗಾದ್ರೆ ಆ ಹುಡುಗ ಜೀಪು ಹಾಯಿಸ್ಲಿಲ್ವಾ?” ಸೇಸಮ್ಮನಿಗೆ ಅರ್ಧ ಅರ್ಥವಾಗಿತ್ತು, ಅರ್ಧ ಆಗಿರಲಿಲ್ಲ. “ನಾನು ಸುಳ್ಳು ಹೇಳಿದ ಹಾಗೂ ಅಲ್ಲ, ಅವ ತಪ್ಪು ಮಾಡಿದ ಹಾಗೂ ಅಲ್ವಾ?”

“ಎರಡೂ ಅಲ್ಲ ಸೇಸಮ್ಮಕ್ಕ,” ಎಂದಳು ರುಕಿಯಾ.

ಸೇಸಮ್ಮ ತಡ್ಪೆಯನ್ನು ಬದಿಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಪರೇಶನ್ ಆದ ಕಣ್ಣಲ್ಲಿ ನೀರು ಬರಬಾರದು ಎಂದು ಡಾಕ್ಟರು ಹೇಳಿದ್ದನ್ನು ಈಗ ಯಾರು ಕೇಳುತ್ತಾರೆ? ಎದೆಯ ಮೇಲಿನ ಕಲ್ಲು ಇಳಿದ ಅಳು ಅದು.

“ಜೀಪಿಗೆ ಒಂದು ಗೀರೂ ಇಲ್ಲ. ಸಾಕ್ಷಿ ಈಗ ಹೀಗಾಯಿತು. ಮತ್ತೆ ಎಂತ ಉಳಿಯಿತು?” ಹುಕ್ರಪ್ಪನವರು ತಮಗೆ ತಾವೇ ಹೇಳಿಕೊಂಡು, ರಸ್ತೆಯ ಕಡೆ ಕೈಬೀಸಿದರು. “ಹೋಗಿ ಅವನ ಕೋಳ ಬಿಚ್ಚು ಮಾರಾಯ. ಮುಚ್ಚಳಿಕೆ ಬರೆಸಿ ಮನೆಗೆ ಬಿಡುವ.”

ಕೋಳ ಬಿಚ್ಚಿದಾಗ ಉಜ್ವಲ್ ಮಣಿಕಟ್ಟು ಉಜ್ಜಿಕೊಂಡು ಅಮ್ಮನ ಹತ್ತಿರ ಹೋಗಿ ನಿಂತ. ಕಾಂತಿಯವರು ಮಗನ ಕೆನ್ನೆಗೊಂದು ಏಟು ಕೊಟ್ಟರು. “ಹೋಟೆಲಿನ ಎದುರು ಮಾವನಿಗೆ ಬಾಯಿಗೆ ಬಂದ ಹಾಗೆ ಹೇಳ್ತಿಯಾ ಇನ್ನು?” ಎಂದರು. ಎಂದವರೇ ಅವನ ಎದೆಗೆ ತಲೆ ಕೊಟ್ಟು, ಎರಡು ದಿನದಿಂದ ಹಿಡಿದಿಟ್ಟ ಅಳುವನ್ನೆಲ್ಲ ಒಮ್ಮೆಗೇ ಬಿಟ್ಟರು. ಅವನು ಅಮ್ಮನ ಬೆನ್ನು ತಟ್ಟುತ್ತ, “ಆಯ್ತಮ್ಮ, ಆಯ್ತು,” ಎನ್ನುತ್ತಿದ್ದ.

ರುಕಿಯಾ ಜಗಲಿಯ ಕಂಬಕ್ಕೆ ಒರಗಿದಳು. ನಿನ್ನೆಯಿಂದ ಬಿಗಿಹಿಡಿದಿದ್ದ ಹೆಗಲು ಈಗ ಸಡಿಲಾಯಿತು. ಹಸಿವೆಯೂ ಆಯಿತು. ಬಿ.ಸಿ.ರೋಡಿಗೆ ಹೋಗಿ ಮೊದಲು ಒಂದು ಪ್ಲೇಟು ನೀರುದೋಸೆ, ಆಮೇಲೆ ಕೋರ್ಟು ಎಂದುಕೊಂಡಳು.

ಕೆಳಗೆ, ಡ್ರೈವರ್ ಪೊಲೀಸ್ ಜೀಪನ್ನು ವಾಪಸು ತರುತ್ತಿದ್ದ. ಏರಿನ ಮೇಲಿಂದ, ಬಲದಿಂದ ಎಡಕ್ಕೆ. ಹುಕ್ರಪ್ಪನವರಿಗೆ ಹೊಸ ಆಟದ ರುಚಿ ಹತ್ತಿತ್ತು. ಮತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ನೋಡುತ್ತಿದ್ದವರು ಚಕ್ಕನೆ ಎರಡೂ ಕಾಲು ಮೇಲೆಳೆದುಕೊಂಡರು.

“ಅಂಗಳಕ್ಕೇ ಬಂತಲ್ಲ,” ಎಂದು ನಕ್ಕರು.

“ನನಗೂ ಹಾಗೆಯೇ ಆಗುದು ಸಾಹೇಬ್ರೇ.” ಕಣ್ಣೊರೆಸಿಕೊಂಡು ಸೇಸಮ್ಮನೂ ನಕ್ಕರು. “ಹೊಸ ಕಣ್ಣು ಬಂದ ಮೇಲೆ ಮೂಡುಬಿದಿರೆಯಿಂದ ಬರುವ ಬಸ್ಸೆಲ್ಲ ಜಗಲಿಗೇ ಬಂದ ಹಾಗೆ. ಮೊನ್ನೆಯೂ ಆ ಸ್ಕೂಟರ್ ಬರುವಾಗ ತಡ್ಪೆಯನ್ನು ಹಿಂದಕ್ಕೆ ಎಳ್ಕೊಂಡೆ. ಎಲೆಯೆಲ್ಲ ಚೆಲ್ಲಿತು.”

ರುಕಿಯಾ ಕಂಬ ಬಿಟ್ಟು ನೆಟ್ಟಗೆ ನಿಂತಳು.

“ಯಾವ ಸ್ಕೂಟರ್?”

“ಜೀಪು ಹೋದ ಕೂಡಲೇ ಒಂದು ಸ್ಕೂಟರ್ ಬಂತಲ್ಲ, ಮೂಡುಬಿದಿರೆ ಕಡೆಯಿಂದ. ನನ್ನ ಅಂಗಳದ ಅಂಚಿನಲ್ಲೇ ಹೋಯಿತು.”

“ಇದನ್ನು ನೀವು ಹೇಳಿಯೇ ಇಲ್ಲವಲ್ಲ,” ಎಂದರು ಹುಕ್ರಪ್ಪನವರು.

“ನೀವು ಜೀಪಿನ ವಿಷಯ ಮಾತ್ರ ಕೇಳಿದ್ರಿ. ಸ್ಕೂಟರ್ ಈಚೆ ಬದಿಯಲ್ಲಿ ಹೋದದ್ದು. ಶೆಟ್ರು ಆಚೆ ಬದಿಯಲ್ಲಿ. ಅದರಲ್ಲಿ ಹೇಳ್ಲಿಕ್ಕೆ ಎಂತ ಉಂಟು?”

ರುಕಿಯಾ ಮೆಲ್ಲನೆ ಬಂದು ಸೇಸಮ್ಮನ ಎದುರು ಕುಕ್ಕರಗಾಲಲ್ಲಿ ಕೂತಳು. “ಸರಿಯಾಗಿ ನೆನಪು ಮಾಡಿ ಹೇಳಿ. ಜೀಪು ಹೋದ ಮೇಲೆ, ಸ್ಕೂಟರ್ ಬರುವ ಮೊದಲು, ಶೆಟ್ರು ಬಿದ್ದಿದ್ರಾ?”

ಸೇಸಮ್ಮ ಯೋಚಿಸಿದರು. “ಜೀಪು ಅಡ್ಡ ಬಂತು. ಅಯ್ಯೋ ಅಂದೆ. ಜೀಪು ಹೋಗುವಾಗಲೇ ಸ್ಕೂಟರ್ ನನ್ನ ಕಡೆ ಬಂತು, ಹೆದರಿ ತಡ್ಪೆ ಎಳ್ಕೊಂಡೆ. ಎಲೆ ಹೆಕ್ಕಿ ತಲೆ ಎತ್ತಿ ನೋಡುವಾಗ ಶೆಟ್ರು ಇಲ್ಲ. ಜೀಪೇ ಕೆಡವಿತು ಅಂತ ಬೊಬ್ಬೆ ಹೊಡೆದೆ.”

ಮೊಳೆಯಲ್ಲಿ ಕತ್ತರಿ ಈಗ ಸುಮ್ಮನೆ ನೇತಾಡುತ್ತಿತ್ತು.

“ಸರ್, ಎಡಕ್ಕೆ ಓಡಿದ್ದೆಲ್ಲ ಹತ್ತಿರ ಬಂದ ಹಾಗೆ ಕಾಣ್ತದೆ,” ಎಂದಳು ರುಕಿಯಾ, ಒಂದೊಂದೇ ಮಾತನ್ನು ಬಿಡಿಸಿ. “ಈ ಅಂಗಳ ರಸ್ತೆಯಿಂದ ಅಷ್ಟು ಎತ್ತರದಲ್ಲಿ ಉಂಟು. ಸ್ಕೂಟರ್ ಇಲ್ಲಿ ಅಂಚಿನಲ್ಲಿ ಹೋಗ್ಲಿಕ್ಕೆ ಸಾಧ್ಯವೇ ಇಲ್ಲ. ಅದು ಕಂಡದ್ದಕ್ಕಿಂತ ಆಚೆ ಇತ್ತು. ಎಷ್ಟು ಆಚೆ ಅಂತ ಈ ಕನ್ನಡಕ ಹೇಳುದಿಲ್ಲ.”

“ರಸ್ತೆಯ ನಡುವೆ ಇದ್ದಿರಬಹುದು.”

“ಇರಬಹುದು. ತಪ್ಪು ಬದಿಗೆ ಹೋಗಿ ಶೆಟ್ರ ಪಕ್ಕದಲ್ಲೇ ಇದ್ದಿರಬಹುದು. ಓಡಿಸುತ್ತಿದ್ದವರು ಯಾರು ಸೇಸಮ್ಮಕ್ಕ, ಗುರುತು ಸಿಕ್ಕಿತಾ?”

“ಗುರುತು ಸಿಗದೆ ಎಂತ? ನಮ್ಮ ಸಾತ್ವಿಕಾ. ಶೆಟ್ರ ಮಗಳು. ಅವಳ ನೀಲಿ ಸ್ಕೂಟರ್ ದಿನಾ ನೋಡ್ತೇನೆ.”

ಹುಕ್ರಪ್ಪನವರ ಮುಖದಲ್ಲಿದ್ದ ನಗು ಇಳಿಯಿತು. ಉಜ್ವಲನ ಮೇಲೆ ದೂರು ಕೊಟ್ಟವಳೇ ಸಾತ್ವಿಕಾ. ಆ ಹೊತ್ತಿಗೆ ತಾನು ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಫೋನು ಬಂದ ಮೇಲೆಯೇ ಅಪ್ಪ ಬಿದ್ದದ್ದು ಗೊತ್ತಾದದ್ದು ಎಂದು ದೂರಿನಲ್ಲಿ ಅವಳೇ ಬರೆಸಿದ್ದಳು.

“ಕಾಂತಿಯವರಿಗೆ ಈಗಲೇ ಹೇಳ್ಬೇಡಿ,” ಎಂದಳು ರುಕಿಯಾ. “ಒಂದು ಗಳಿಗೆ ನೆಮ್ಮದಿಯಲ್ಲಿ ಇರಲಿ.”

ಅಷ್ಟರಲ್ಲಿ ಕೆಳಗೆ ಪೊಲೀಸ್ ಜೀಪಿನ ವೈರ್‌ಲೆಸ್ ಕರಕರ ಎಂದಿತು. ಆ ಕಾಲದಲ್ಲಿ ಈ ಏರಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಹುಕ್ರಪ್ಪನವರು ಇಳಿದು ಹೋದರು. ಕೇಳಿದರು, ಮತ್ತೊಮ್ಮೆ ಕೇಳಿದರು. ತಿರುಗಿ ನಿಂತಾಗ ಅವರ ದನಿ ಏರಿನ ತುದಿಗೂ ಕೇಳುವಷ್ಟು ದೊಡ್ಡದಾಗಿತ್ತು.

“ಶೆಟ್ರಿಗೆ ಪ್ರಜ್ಞೆ ಬಂತು. ಈಗ ತಾನೇ ಆಸ್ಪತ್ರೆಯಿಂದ ಸ್ಟೇಷನ್ನಿಗೆ ಫೋನ್ ಬಂದದ್ದಂತೆ. ಜೀವಕ್ಕೆ ಇನ್ನು ಅಪಾಯ ಇಲ್ಲವಂತೆ.”

ಕಾಂತಿಯವರು ಇದ್ದಲ್ಲೇ ಕೂತುಬಿಟ್ಟರು. ಉಜ್ವಲ್ ಆಕಾಶ ನೋಡಿ ಕೈಮುಗಿದ. ಮೇಲೆ ಜಗಲಿಯಲ್ಲಿ ಸೇಸಮ್ಮ, “ದೇವರೇ, ದೇವರೇ,” ಎಂದು ಗೋಡೆಗೆ ಒರಗಿದರು.

“ಹೇಳಿಕೆಯನ್ನೂ ಕೊಟ್ಟಿದ್ದಾರೆ,” ಎಂದು ಹುಕ್ರಪ್ಪನವರು ಮುಂದುವರಿಸಿದರು. “ಉಜ್ವಲನ ಜೀಪು ನನಗೆ ತಾಗಲೇ ಇಲ್ಲ, ಕಾಲು ಜಾರಿ ಬಿದ್ದೆ, ಹುಡುಗನನ್ನು ಬಿಟ್ಟುಬಿಡಿ ಅಂತ ಹೇಳಿದ್ದಾರೆ.”

“ನನ್ನ ಅಣ್ಣ,” ಎಂದರು ಕಾಂತಿ. “ನನ್ನ ಅಣ್ಣ ಅವ.” ಜಾಗಕ್ಕಾಗಿ ಕೋರ್ಟಿನಲ್ಲಿ ಎದುರುಬದುರು ನಿಂತ ವರ್ಷಗಳೆಲ್ಲ ಆ ಒಂದು ಮಾತಿನಲ್ಲಿ ಕರಗಿದವು. ಮಗನ ಕೈ ಹಿಡಿದು ಎದ್ದು, “ಮಂಗಳೂರಿಗೆ ಹೋಗುವ, ಈಗಲೇ ಹೋಗುವ,” ಎಂದು ಅವಸರ ಮಾಡಿದರು.

ರುಕಿಯಾ ಮೆಟ್ಟಿಲಿಳಿದು ಬಂದಳು. ಅವಳಿಗೂ ಸಂತೋಷವೇ. ಉಜ್ವಲ್ ಬಚಾವಾದ, ಶೆಟ್ಟರು ಬದುಕಿದರು, ಇನ್ನೆಂತ ಬೇಕು? ಆದರೆ ಹುಕ್ರಪ್ಪನವರು ವೈರ್‌ಲೆಸ್ಸಿನ ಮೈಕನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. ಅವಳು ಹತ್ತಿರ ಬರುವವರೆಗೆ ಕಾದು, ತಾಯಿ ಮಗನಿಗೆ ಕೇಳದ ಹಾಗೆ ಹೇಳಿದರು.

“ಇನ್ನೊಂದು ಮಾತೂ ಹೇಳಿದ್ದಾರೆ ಮೇಡಂ. ಅದನ್ನೂ ಬರ್ಕೊಳ್ಳಲೇಬೇಕು ಅಂತ ಹಠ ಮಾಡಿದರಂತೆ.”

“ಎಂತದು?”

“‘ನಾನು ಬೀಳುವಾಗ ಅಲ್ಲಿ ಯಾವ ಸ್ಕೂಟರೂ ಇರಲಿಲ್ಲ.’”

ರುಕಿಯಾ ಒಮ್ಮೆ ಜಗಲಿಯ ಕಡೆ ನೋಡಿದಳು. ಸ್ಕೂಟರಿನ ಸುದ್ದಿ ಅಲ್ಲಿ ಹುಟ್ಟಿದ್ದು ಈಗಷ್ಟೇ. ಕೇಳಿದ್ದು ಅವರಿಬ್ಬರೇ.

“ಅವರನ್ನು ಸ್ಕೂಟರಿನ ವಿಷಯ ಯಾರು ಕೇಳಿದ್ದು ಸರ್?”

“ಯಾರೂ ಕೇಳಲಿಲ್ಲ,” ಎಂದರು ಹುಕ್ರಪ್ಪನವರು. “ಹೇಳಿಕೆ ಕೊಡುವಾಗ ಮಗಳು ಪಕ್ಕದಲ್ಲೇ ಕೂತು ಅವರ ಕೈ ಹಿಡ್ಕೊಂಡಿದ್ದಳಂತೆ.”